‘ಆಂಟಿ, ನೀವೇನೂ ಕೊಡೋದು ಬೇಡ’

ಕೊರೋನಾ ಕಾಟ ಮುಗಿದು, ಜನ ಮತ್ತೆ ಒಬ್ಬರ ಮನೆಗೊಬ್ಬರು ಧೈರ್ಯವಾಗಿ ಹೋಗಿ ಬರಲು ಶುರು ಮಾಡಿದ್ದ ವರ್ಷ ಅದು. ಶ್ರಾವಣ ಹತ್ತಿರ ಬಂತೆಂದರೆ ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ವರಮಹಾಲಕ್ಷ್ಮಿಯಿಂದ ಹಿಡಿದು ಗೌರಿ-ಗಣೇಶ, ದಸರಾ, ದೀಪಾವಳಿ, ಅದರ ಬೆನ್ನಿಗೇ ಕ್ರಿಸ್ಮಸ್. ಒಂದೊಂದಕ್ಕೂ ಯಾರಿಗೋ ಏನೋ ಕೊಡಬೇಕು, ಯಾರೋ ಏನೋ ತಂದು ಕೊಡುತ್ತಾರೆ, ಅದಕ್ಕೆ ನಾವು ತಿರುಗಿ ಕೊಡಬೇಕು. ವರ್ಷ ಮುಗಿಯುವ ಹೊತ್ತಿಗೆ ಅಟ್ಟದ ಮೇಲೆ ಬೇಡದ ಸಾಮಾನು ತುಂಬಿರುತ್ತಿತ್ತು, ಕೈಯಲ್ಲಿ ಕಾಸು ಇರುತ್ತಿರಲಿಲ್ಲ.

ನಾವು ಸಿಂಧನೂರು ಕಡೆಯವರು. ನಮ್ಮ ಯಜಮಾನರು ಕೆ.ಆರ್. ಪುರದ ಹತ್ತಿರ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ನಾನು ಇಂದಿರಾನಗರದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಜೋಗುಪಾಳ್ಯದ ಸಣ್ಣ ಗಲ್ಲಿಯೊಂದರಲ್ಲಿ, ಒಂದೇ ಮೆಟ್ಟಿಲಿಗೆ ನಾಲ್ಕು ಬಾಗಿಲು ಇರುವ ಕಟ್ಟಡದಲ್ಲಿ ನಮ್ಮದೊಂದು ಬಾಡಿಗೆ ಮನೆ. ನಮ್ಮ ಎದುರು ಬಾಗಿಲು ಶಾಹೀನ್‌ಳದ್ದು. ಅವಳ ಗಂಡನಿಗೆ ಶಿವಾಜಿನಗರದಲ್ಲಿ ಬಳೆ ಅಂಗಡಿ. ಮೇಲಿನ ಮನೆಯಲ್ಲಿ ದಾವಣಗೆರೆಯ ವಿಜಯಾ, ಗಂಡ ಹೆಂಡತಿ ಇಬ್ಬರೂ ಕಂಪನಿ ಕೆಲಸದವರು. ಕೆಳಗೆ, ಮೆಟ್ಟಿಲ ಪಕ್ಕದ ಒಂದೇ ರೂಮಿನಲ್ಲಿ ಸ್ಟೆಲ್ಲಾ ಆಂಟಿ.

ಆಂಟಿಗೆ ಅರವತ್ತೈದು ದಾಟಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸೀರೆಗೆ ಫಾಲ್ ಹೊಲಿದು, ಸೆರಗಿಗೆ ಕುಚ್ಚು ಕಟ್ಟಿ ಜೀವನ ಮಾಡುತ್ತಿದ್ದರು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ, ಶಾಹೀನ್ ಜೊತೆ ಅವಳ ಭಾಷೆ. ಬೆಳಗ್ಗೆ ಬಾಗಿಲು ತೆಗೆದು ಸ್ಟೂಲು ಹಾಕಿಕೊಂಡು ಕೂತರೆಂದರೆ ನಮ್ಮ ಕಟ್ಟಡಕ್ಕೆ ಕಾವಲುಗಾರ ಬೇಕಿರಲಿಲ್ಲ.

ನಾನು ಜಿಪುಣಿ ಅಲ್ಲ. ನನ್ನ ಗಂಡ ಹೇಳಿದರೂ ನಂಬಬೇಡಿ. ಆದರೆ ದುಡ್ಡು ಯಾರಿಗೂ ಉಪಯೋಗವಿಲ್ಲದೆ ಪೋಲಾಗುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಖಣದ ವಿಷಯವನ್ನೇ ನೋಡಿ. ಅರಿಶಿನ ಕುಂಕುಮಕ್ಕೆ ಕರೆದು ಕೊಡುತ್ತಾರಲ್ಲ, ಆ ರವಿಕೆ ಬಟ್ಟೆ. ಅದರಲ್ಲಿ ಒಂದು ಆಳಿನ ರವಿಕೆ ಆಗುವುದಿಲ್ಲ ಎಂದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಆದರೂ ಅದು ಮನೆಯಿಂದ ಮನೆಗೆ ದಾಟುತ್ತಲೇ ಇರುತ್ತದೆ. ಆ ವರ್ಷ ನಾನು ವಿಜಯಾಗೆ ಕೊಟ್ಟಿದ್ದ ಹಸಿರು ಖಣ, ಮೂಲೆಯಲ್ಲಿದ್ದ ಎಣ್ಣೆ ಕಲೆಯ ಸಮೇತ, ಬೇರೆ ಯಾರದೋ ಮನೆಯಿಂದ ನನಗೇ ವಾಪಸ್ ಬಂತು. ಅವತ್ತೇ ತೀರ್ಮಾನ ಮಾಡಿದೆ, ಇದಕ್ಕೊಂದು ವ್ಯವಸ್ಥೆ ಮಾಡಲೇಬೇಕು.

ಒಂದು ಭಾನುವಾರ ಮಧ್ಯಾಹ್ನ ನಾಲ್ಕು ಮನೆಯವರೂ ಮೆಟ್ಟಿಲ ಮೇಲೆ ಕೂತಿದ್ದಾಗ ನನ್ನ ಯೋಜನೆ ಮುಂದಿಟ್ಟೆ. ಇನ್ನು ಮೇಲೆ ನಮ್ಮ ನಾಲ್ಕು ಮನೆಗಳ ನಡುವೆ ಅಂಗಡಿಯಿಂದ ತಂದ ಡಬ್ಬ, ಖಣ, ಪ್ಲಾಸ್ಟಿಕ್ ಬುಟ್ಟಿ ಯಾವುದೂ ಬೇಡ. ಯಾರ ಹಬ್ಬವೋ ಅವರು ಒಂದೇ ಒಂದು ತಿಂಡಿ ಮಾಡಿ ಎಲ್ಲರಿಗೂ ಹಂಚಬೇಕು. ತಗೊಂಡವರು ಅವತ್ತೇ ಏನನ್ನೂ ತಿರುಗಿ ಕೊಡುವ ಹಾಗಿಲ್ಲ. ಮಕ್ಕಳ ಬಟ್ಟೆಯನ್ನು ಎಲ್ಲರೂ ಸೇರಿ ಶಿವಾಜಿನಗರದಲ್ಲಿ ಹೋಲ್‌ಸೇಲ್ ಅಂಗಡಿಯಿಂದ ತರುವುದು.

“ಸೂಪರ್ ಅಕ್ಕಾ. ನಮ್ಮ ಆಫೀಸಿಗೂ ಬಂದು ಸ್ವಲ್ಪ ಹೇಳಿ,” ಎಂದಳು ವಿಜಯಾ.

ಶಾಹೀನ್ ನಕ್ಕು, “ನಮ್ಮ ಈದ್ ಬರೋದು ಇನ್ನೂ ದೂರ. ಆದ್ರೂ ನಾನೂ ಸೇರ್ತೀನಿ,” ಎಂದಳು.

ಆಮೇಲೆ ನಾನು ಸ್ಟೆಲ್ಲಾ ಆಂಟಿಯ ಕಡೆ ತಿರುಗಿದೆ. ಇದನ್ನು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಆಂಟಿ ಪ್ರತಿ ಕ್ರಿಸ್ಮಸ್‌ಗೆ ಮೂರೂ ಮನೆಗೆ ಕುಲ್‌ಕುಲ್, ಅಚ್ಚು ಮುರುಕು, ಕೇಕ್ ತಂದು ಕೊಡುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕುಲ್‌ಕುಲ್ ಎಂದರೆ ಮೈದಾ ಹಿಟ್ಟನ್ನು ಫೋರ್ಕಿನ ಹಿಂಬದಿಯಲ್ಲಿ ಸುರುಳಿ ಸುತ್ತಿ ಕರಿದು ಸಕ್ಕರೆ ಹಿಡಿಸುವ ತಿಂಡಿ. ನಾವು ಮೊಟ್ಟೆ ತಿನ್ನುವುದಿಲ್ಲ ಎಂದು ನಮ್ಮ ಮನೆಗೆ ಎಲ್ಲವನ್ನೂ ಬೇರೆಯಾಗಿ, ಮೊಟ್ಟೆ ಹಾಕದೆ ಮಾಡುತ್ತಿದ್ದರು. ಮಕ್ಕಳಿಗೆ ಹೆಸರಿನ ಮೊದಲಕ್ಷರ ಹೊಲಿದ ಕರವಸ್ತ್ರ ಬೇರೆ. ಇದಕ್ಕಾಗಿ ಅವರು ದೀಪಾವಳಿ ಮುಗಿದ ಮೇಲೆ ಎರಡರಷ್ಟು ಸೀರೆ ಒಪ್ಪಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕುಚ್ಚು ಕಟ್ಟುತ್ತಾ ಕೂತಿರುವುದನ್ನು ನಾನು ಕಂಡಿದ್ದೆ.

“ಆಂಟಿ, ನೀವೇನೂ ಕೊಡೋದು ಬೇಡ. ನಿಮಗೆ ಈ ಸಲದಿಂದ ರಜಾ. ನಾವು ಕೊಟ್ಟಿದ್ದು ತಗೊಂಡು ಆರಾಮಾಗಿರಿ,” ಎಂದೆ.

ಎಲ್ಲರೂ ಹೌದು ಹೌದು ಎಂದರು. ಆಂಟಿ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತದೆ, “ಸರಿ ಮಾ,” ಎಂದರು. ಅವರ ತಲೆ ಮೇಲಿನ ಭಾರ ಇಳಿಸಿದೆ ಎಂದು ನನಗೆ ಬಹಳ ಸಮಾಧಾನವಾಯಿತು.

ಯೋಜನೆ ಚೆನ್ನಾಗಿಯೇ ನಡೆಯಿತು. ಗೌರಿ ಹಬ್ಬಕ್ಕೆ ವಿಜಯಾ ಕಡುಬು ಮಾಡಿದಳು. ದಸರಾಕ್ಕೆ ಮಕ್ಕಳ ಬಟ್ಟೆಯನ್ನು ನಾನೂ ಶಾಹೀನೂ ಹೋಗಿ ಚೌಕಾಸಿ ಮಾಡಿ ತಂದೆವು. ಅವಳು ಅಂಗಡಿಯವನ ಭಾಷೆಯಲ್ಲಿ ಜಗಳ ಆಡಿದರೆ, ನಾನು ಬೇಡ ಎಂದು ಹೊರಟು ಬಾಗಿಲ ತನಕ ಹೋಗುತ್ತಿದ್ದೆ. ಅವನೇ ವಾಪಸ್ ಕರೆಯುತ್ತಿದ್ದ. ದೀಪಾವಳಿಗೆ ನಾನು ಶೇಂಗಾ ಹೋಳಿಗೆ ಹಂಚಿದೆ. ಮೊದಲ ಬಾರಿಗೆ ಹಬ್ಬ ಮುಗಿದ ಮೇಲೂ ನನ್ನ ಪರ್ಸಿನಲ್ಲಿ ನೋಟು ಉಳಿದಿದ್ದವು.

ಒಂದೇ ಒಂದು ಸಣ್ಣ ವಿಷಯ. ಹೋಳಿಗೆ ತೆಗೆದುಕೊಂಡು ಕೆಳಗೆ ಹೋದಾಗ ಆಂಟಿ, “ಹೊಟ್ಟೆ ಸರಿ ಇಲ್ಲ ಮಾ, ಬೇಡ,” ಎಂದರು. ಗೌರಿ ಹಬ್ಬದ ಕಡುಬನ್ನೂ ಹಾಗೇ ಏನೋ ಹೇಳಿ ವಾಪಸ್ ಕಳಿಸಿದ್ದರೆಂದು ವಿಜಯಾ ಆಮೇಲೆ ಹೇಳಿದಳು. ವಯಸ್ಸಾಯಿತಲ್ಲ, ಸಿಹಿ ಜೀರ್ಣವಾಗುವುದಿಲ್ಲ ಎಂದುಕೊಂಡೆವು. ಬಾಗಿಲಲ್ಲಿ ಸ್ಟೂಲು ಹಾಕಿ ಕೂರುವುದನ್ನೂ ಅವರು ಕಡಿಮೆ ಮಾಡಿದ್ದರು. ಚಳಿ ಇರಬೇಕು ಎಂದುಕೊಂಡೆ. ಮನುಷ್ಯನಿಗೆ ತನ್ನ ಯೋಜನೆ ಫಲಿಸುತ್ತಿರುವಾಗ ಬೇರೆ ಏನೂ ಕಣ್ಣಿಗೆ ಬೀಳುವುದಿಲ್ಲ.

ಡಿಸೆಂಬರ್ ಬಂತು. ಪ್ರತಿ ವರ್ಷ ಆ ಹೊತ್ತಿಗೆ ಆಂಟಿಯ ರೂಮಿನಿಂದ ಕರಿದ ವಾಸನೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರುತ್ತಿತ್ತು. ಈ ಸಲ ಇಲ್ಲ. ಬಾಗಿಲಿಗೆ ಕಾಗದದ ನಕ್ಷತ್ರವನ್ನೂ ಕಟ್ಟಲಿಲ್ಲ. ಆಂಟಿ ನಿಜವಾಗಿಯೂ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದು ನಾನು ಖುಷಿಪಟ್ಟೆ. ಅಷ್ಟೇ ಅಲ್ಲ, ಉಳಿದ ದುಡ್ಡಿನಲ್ಲಿ ಮೂರು ಮನೆಯವರೂ ಸೇರಿ ಅವರಿಗೊಂದು ಮಿಕ್ಸಿ ಕೊಡಿಸೋಣ ಎಂದು ನಾನೇ ಹೇಳಿದೆ. ಅವರ ಹಳೇ ಮಿಕ್ಸಿ ಕೆಟ್ಟು, ಕಾಯಿ ರುಬ್ಬಲು ನಮ್ಮ ಮನೆಗೇ ಬರುತ್ತಿದ್ದರು. ಕೆಲಸಕ್ಕೆ ಬಾರದ ಖಣವಲ್ಲ, ದಿನಾ ಬೇಕಾಗುವ ವಸ್ತು. ನನ್ನ ಪ್ರಕಾರ ಉಡುಗೊರೆ ಎಂದರೆ ಹಾಗಿರಬೇಕು.

ಕ್ರಿಸ್ಮಸ್ ದಿನ ಬೆಳಗ್ಗೆ ಆಂಟಿ ಚರ್ಚಿನಿಂದ ಬರುವುದನ್ನೇ ಕಾದು, ನಾನು, ಶಾಹೀನ್, ವಿಜಯಾ ಮಿಕ್ಸಿ ಡಬ್ಬ ಹಿಡಿದುಕೊಂಡು ಹೋದೆವು. ಆಂಟಿ ತಿಳಿ ನೀಲಿ ಸೀರೆ ಉಟ್ಟಿದ್ದರು. ಹ್ಯಾಪಿ ಕ್ರಿಸ್ಮಸ್ ಹೇಳಿ ಡಬ್ಬ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

“ಇದೇನ್ ಮಾ?”

“ಮಿಕ್ಸಿ ಆಂಟಿ. ನಮ್ಮೆಲ್ಲರ ಕಡೆಯಿಂದ.”

ಸ್ವಲ್ಪ ಹೊತ್ತು ಡಬ್ಬವನ್ನೇ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಜಗಳದ ಧ್ವನಿಯೇ ಇಲ್ಲದೆ ಹೇಳಿದರು, “ತಗೊಂಡು ಹೋಗಿ ಮಾ. ನಂಗೆ ಬೇಡ. ಇಷ್ಟು ವರ್ಷ ನೀವು ಕೊಟ್ಟಿದ್ದೆಲ್ಲಾ ತಗೊಂಡೆ. ಯಾಕೆ? ಕ್ರಿಸ್ಮಸ್‌ಗೆ ನಾನೂ ಕೊಡ್ತಾ ಇದ್ದೆ. ಕೊಡ್ಬೇಡಿ ಅಂತ ನೀವೇ ಅಂದ್ರಿ. ಕೊಡದೇ ಬರೀ ತಗೊಳ್ಳೋರಿಗೆ ಬೇರೆ ಹೆಸರಿದೆ ಮಾ. ಚರ್ಚ್ ಗೇಟ್ ಹತ್ರ ಸಾಲಾಗಿ ಕೂತಿರ್ತಾರೆ. ಈಗ ಅವರನ್ನೇ ನೋಡ್ಕೊಂಡು ಬಂದೆ.”

ಆಂಟಿ ಮುಂದುವರಿಸಿದರು. ಕೆ.ಆರ್. ಪುರದಲ್ಲಿ ಅವರ ತಂಗಿ ಇದ್ದಾಳೆ, ಬಂದು ಇರು ಎನ್ನುತ್ತಿದ್ದಾಳೆ. ಹೊಸ ವರ್ಷ ಕಳೆದ ಮೇಲೆ ರೂಮು ಬಿಡುತ್ತೇನೆಂದು ಓನರಿಗೆ ಹೇಳಿಯಾಗಿದೆ. ತಂಗಿಯ ಮನೆಯಲ್ಲಿ ಅಡುಗೆ ಕೆಲಸವನ್ನಾದರೂ ಮಾಡಿಕೊಟ್ಟು ಇರಬಹುದು. ಇಷ್ಟು ಹೇಳಿ, “ಟೀ ಕುಡಿದು ಹೋಗಿ,” ಎಂದರು. ನಾವು ಟೀ ಕುಡಿಯದೆ ಮಿಕ್ಸಿ ಹೊತ್ತುಕೊಂಡು ಮೆಟ್ಟಿಲು ಹತ್ತಿದೆವು.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಒಳ್ಳೆಯದು ಮಾಡಲು ಹೋದರೆ ಹೀಗೆ ಮುಖದ ಮೇಲೆ ಹೊಡೆದ ಹಾಗೆ ಮಾತಾಡುವುದೇ? ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. “ಯಾರಿಗೆ ಬೇಕಾಗಿತ್ತು ಈ ಉಸಾಬರಿ. ಅವರ ಕಣ್ಣು ಹೋಗ್ತಾವ ಅಂತ ಬ್ಯಾಡ ಅಂದಿದ್ದು. ಅದನ್ನೇ ತಪ್ಪು ತಿಳ್ಕೊಂಡ್ರ ನಾ ಏನ್ ಮಾಡ್ಲಿ?”

ಅವರು ಪೇಪರಿನಿಂದ ತಲೆ ಎತ್ತಿ, “ಬ್ಯಾಡ ಅನ್ನೂಕಿಂತ ಮೊದ್ಲು ಅವರನ್ನ ಒಂದು ಮಾತು ಕೇಳಿದ್ದೇನು?” ಎಂದರು. ಅಷ್ಟೇ ಕೇಳಿ ಮತ್ತೆ ಪೇಪರಿಗೆ ಇಳಿದರು. ಈ ಗಂಡಸರು ಇಡೀ ವರ್ಷ ಸುಮ್ಮನಿದ್ದು ಇಂಥ ಹೊತ್ತಿನಲ್ಲಿ ಒಂದು ಮಾತಾಡುತ್ತಾರೆ.

ಮಧ್ಯಾಹ್ನ ಶಾಹೀನ್ ಬಂದಳು. ಅವಳ ಮುಖವೂ ಸಪ್ಪಗಿತ್ತು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಮ್ಮ ಅಮ್ಮಿ ಹೇಳೋರು, ಯಾರ ಮನೆಯಿಂದಾದ್ರೂ ತಿಂಡಿ ಪಾತ್ರೆ, ಬರ್ತನ್ ಬಂದ್ರೆ ಅದನ್ನ ಖಾಲಿ ವಾಪಸ್ ಕೊಡಬಾರದು, ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕಿ ಕೊಡು ಅಂತ. ನಾವು ಆಂಟಿಗೆ ಬರ್ತನ್ ಕಳಿಸ್ತಾನೇ ಹೋದ್ವಿ. ಅವರು ಸಕ್ಕರೆ ಹಾಕೋಕೆ ಬಂದ್ರೆ ಬೇಡ ಬೇಡ ಅಂತ ಕೈ ಹಿಡ್ಕೊಂಡ್ವಿ. ಅದೇ ಆಗಿರೋದು.”

ಅವಳು ಹೋದ ಮೇಲೆ ನನಗೆ ಊರಿನ ಪದ್ಧತಿಯೊಂದು ನೆನಪಾಯಿತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ ಎಲ್ಲ ಸೆರಗಿಗೆ ಹಾಕಿದ ಮೇಲೆ, ತುಂಬಿಸಿಕೊಂಡವಳು ಅದರಲ್ಲೇ ಒಂದಿಷ್ಟು ಅಕ್ಕಿ ತೆಗೆದು ತುಂಬಿದವರ ತಟ್ಟೆಗೆ ತಿರುಗಿ ಹಾಕಬೇಕು. ಹಾಕದೆ ಏಳುವ ಹಾಗಿಲ್ಲ. ಮದುವೆಯಾದಾಗಿನಿಂದ ಎಷ್ಟು ಸಲ ನಾನೇ ಹಾಗೆ ಹಾಕಿದ್ದೆನೋ. ಯಾಕೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಆಂಟಿಯ ಕೈಯಿಂದ ನಾನು ಆ ಒಂದು ಹಿಡಿ ಅಕ್ಕಿಯನ್ನು ಕಿತ್ತುಕೊಂಡಿದ್ದೆ. ಅದೂ ಎಲ್ಲರ ಎದುರಿಗೆ, ಮೆಟ್ಟಿಲ ಮೇಲೆ ಕೂತು, ನಗುನಗುತ್ತಾ. ನನಗೆ ಅಳು ಬಂತು. ಈ ಗಲ್ಲಿಯಲ್ಲೇ ಮುದುಕಿಯಾದ ಹೆಂಗಸು ನನ್ನ ಒಂದು ಮಾತಿನಿಂದ ರೂಮು ಬಿಟ್ಟು ಹೋಗುತ್ತಿದ್ದಾರೆ ಎನ್ನುವುದು ಆಗ ಸರಿಯಾಗಿ ಮನಸ್ಸಿಗೆ ಇಳಿಯಿತು.

ತಪ್ಪಾಯಿತು ಎಂದು ಕೇಳಿಕೊಂಡರೆ ಸಾಲುವುದಿಲ್ಲ ಎಂದು ನನಗೆ ಗೊತ್ತಿತ್ತು. “ಅಯ್ಯೋ ಪರವಾಗಿಲ್ಲ ಮಾ,” ಎನ್ನುತ್ತಾರೆ, ಆಮೇಲೆ ಗಂಟುಮೂಟೆ ಕಟ್ಟುತ್ತಾರೆ. ಸಂಜೆ ಆಗುವ ಮೊದಲೇ ಒಬ್ಬಳೇ ಕೆಳಗೆ ಹೋದೆ. ಆಂಟಿ ಹಬ್ಬದ ಸೀರೆಯಲ್ಲೇ ಇದ್ದರು. ಯಾರದೋ ಕೆಂಪು ಸೀರೆಗೆ ಕುಚ್ಚು ಕಟ್ಟುತ್ತಿದ್ದರು.

“ಆಂಟಿ, ನಾನು ಜಗಳಕ್ಕೆ ಬಂದಿದೀನಿ,” ಎಂದೆ.

“ಹಬ್ಬದ ದಿನಾನಾ?”

“ಹಬ್ಬದ ದಿನಾನೇ. ಕ್ರಿಸ್ಮಸ್ ಬಂತು, ನಮ್ಮನೆಗೆ ಏನೂ ಬಂದಿಲ್ಲ. ಕುಲ್‌ಕುಲ್ ಇಲ್ಲ, ಕೇಕ್ ಇಲ್ಲ. ನನ್ನ ಮಗಳು ಬೆಳಗ್ಗೆಯಿಂದ ಕೇಳ್ತಿದಾಳೆ.”

“ನೀನೇ ತಾನೇ ಬೇಡ ಅಂದಿದ್ದು?”

“ಅಂದೆ. ಈಗ ಬೇಕು ಅಂತಿದೀನಿ.”

ಹೀಗೆ ಮಾತಾಡುವುದು ನನಗೆ ಸುಲಭವಿರಲಿಲ್ಲ. ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು ತಿನ್ನಲು ಕೊಡಿ ಎಂದು ಕೇಳುವುದೆಂದರೆ ನಮ್ಮಲ್ಲಿ ಮಾನ ಹೋದ ಹಾಗೆ. ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಉಂಡಿ ಕೇಳಿ ತಿಂದಿದ್ದಕ್ಕೆ ಅವ್ವ ಬಾಸುಂಡೆ ಬರುವ ಹಾಗೆ ಹೊಡೆದಿದ್ದಳು. ಕಿವಿ ಬಿಸಿಯಾಗುತ್ತಿತ್ತು, ಆದರೂ ಹೊಸ್ತಿಲು ಬಿಟ್ಟು ಕದಲಲಿಲ್ಲ.

ಆಂಟಿ ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದರು. “ಮೈದಾ, ಎಣ್ಣೆ, ಸಕ್ಕರೆ ಎಲ್ಲಾ ನೀನೇ ತಂದ್ಕೊಡ್ತೀಯೇನು?” ಎಂದರು.

ನನ್ನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು, ‘ನಾನೇ ತರ್ತೀನಿ ಆಂಟಿ, ನೀವು ಮಾಡಿಕೊಟ್ರೆ ಸಾಕು’ ಎಂದು. ನನ್ನನ್ನು ಪರೀಕ್ಷಿಸಲೆಂದೇ ಅವರು ಹಾಗೆ ಕೇಳಿದ್ದರೋ ಏನೋ. ನಾನು ಮಾತನ್ನು ನುಂಗಿಕೊಂಡೆ.

“ನಾನ್ಯಾಕೆ ತರ್ಲಿ? ಕೊಡೋರು ನೀವು. ನಾನು ತಿನ್ನೋಳು ಅಷ್ಟೇ. ಮೊಟ್ಟೆ ಮಾತ್ರ ಹಾಕ್ಬೇಡಿ.”

ಇಷ್ಟು ಒರಟಾಗಿ ನಾನು ಯಾವ ಹಿರಿಯರ ಜೊತೆಯೂ ಮಾತಾಡಿದವಳಲ್ಲ. ಆಂಟಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. “ಯೇಸಪ್ಪಾ, ಇವಳ ಬಾಯಿ ನೋಡು,” ಎಂದರು. ಆಮೇಲೆ ಕೆಂಪು ಸೀರೆ ಮಡಚಿಟ್ಟು, ಗೂಡಿನಲ್ಲಿದ್ದ ಬಟ್ಟೆ ಚೀಲ ತೆಗೆದುಕೊಂಡು ಎದ್ದರು. “ಅಂಗಡಿ ತೆಗೆದಿರತ್ತೇನ್ ಮಾ ಇವತ್ತು?”

“ಮೂಲೆ ಅಂಗಡಿ ತೆಗೆದಿದೆ.”

“ನೀನು ಬರ್ಬೇಡ,” ಎಂದರು. ನಾನು ಹೋಗಲಿಲ್ಲ. ಗಲ್ಲಿಯ ತುದಿಯಲ್ಲಿ ತಿಳಿ ನೀಲಿ ಸೀರೆ ತಿರುಗುವ ತನಕ ಅಲ್ಲೇ ನಿಂತಿದ್ದೆ.

ಮರುದಿನದಿಂದ ಮೆಟ್ಟಿಲ ತುಂಬ ಕರಿದ ವಾಸನೆ. ಹೊಸ ವರ್ಷದ ಹಿಂದಿನ ದಿನ ಆಂಟಿ ನನ್ನ ಮಗಳನ್ನು ಕೂಗಿ, “ಅಮ್ಮಂಗೆ ಹೇಳು, ಆ ಮಿಕ್ಸಿ ಕಳಿಸ್ಬೇಕಂತೆ. ಸಕ್ಕರೆ ಪುಡಿ ಮಾಡ್ಬೇಕು,” ಎಂದರು. ನಮ್ಮ ಮಿಕ್ಸಿ ಬೇಕೋ ಹೊಸದು ಬೇಕೋ ಎಂದು ಮಗಳು ಕೇಳಿದ್ದಕ್ಕೆ, “ನಂದು ಯಾವ್ದೋ ಅದು,” ಎಂದರಂತೆ. ನಾನೇ ಇಳಿದು ಹೋಗಿ ಕೊಟ್ಟು ಬಂದೆ. ಹೊಸ ವರ್ಷದ ಬೆಳಗ್ಗೆ ಮೂರೂ ಮನೆಗೆ ತಟ್ಟೆ ಬಂದವು. ಮಗಳಿಗೆ ಕರವಸ್ತ್ರವೂ ಬಂತು. ಓನರಿಗೆ ಆಂಟಿ ಏನು ಹೇಳಿದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ರೂಮಂತೂ ಬಿಡಲಿಲ್ಲ. ಸಂಕ್ರಾಂತಿಗೆ ನಾನು ಕೊಟ್ಟ ಎಳ್ಳು ಬೆಲ್ಲ ಬೇಡ ಎನ್ನಲಿಲ್ಲ.

ನಮ್ಮ ಯೋಜನೆ ಈಗಲೂ ಇದೆ. ಖಣ ಇಲ್ಲ, ಡಬ್ಬ ಇಲ್ಲ, ಬಟ್ಟೆ ಹೋಲ್‌ಸೇಲ್. ಹಬ್ಬದಲ್ಲಿ ದುಡ್ಡು ಉಳಿಸುವುದು ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಯಾರು ಏನು ಕೊಡಬೇಕು ಎನ್ನುವುದನ್ನು ಅವರವರಿಗೇ ಬಿಟ್ಟಿದ್ದೇವೆ. ನನ್ನ ದುಡ್ಡನ್ನು ಉಳಿಸುವ ಹಕ್ಕು ನನಗಿದೆ, ಇನ್ನೊಬ್ಬರದನ್ನು ಉಳಿಸಿಕೊಡುವ ಹಕ್ಕು ಇಲ್ಲ.

ಇದು ಹೇಳಿದಷ್ಟು ಸುಲಭವಲ್ಲ. ಕಳೆದ ಡಿಸೆಂಬರಿನಲ್ಲಿ ಆಂಟಿ ಹಾಲಿನ ಪ್ಯಾಕೆಟ್ ನಿಲ್ಲಿಸಿ, ಕರಿ ಕಾಫಿ ಕುಡಿಯುತ್ತಿರುವುದು ನನಗೆ ಗೊತ್ತಾಯಿತು. ಯಾಕೆ ಎಂದು ಕೇಳಿದರೆ, “ಹಾಲು ಸೇರ್ತಿಲ್ಲ ಮಾ,” ಎಂದರು. ಹಾಲಿನ ದುಡ್ಡು ಕ್ರಿಸ್ಮಸ್ ತಿಂಡಿಗೆ ಹೋಗುತ್ತಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. “ಹೌದಾ ಆಂಟಿ,” ಎಂದು ಸುಮ್ಮನೆ ಮೇಲೆ ಬಂದೆ.

ಕ್ರಿಸ್ಮಸ್ ದಿನ ಆಂಟಿ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೊದಲಿನ ಹಾಗೆ ಸರಸರ ಹತ್ತಲಾಗುವುದಿಲ್ಲ ಅವರಿಗೆ, ನಡುವೆ ಒಮ್ಮೆ ನಿಂತರು. ನಾನು ಇಳಿದು ಹೋಗಿ ತೆಗೆದುಕೊಳ್ಳಲಿಲ್ಲ, ಬಾಗಿಲಲ್ಲೇ ಕಾದೆ. ಎರಡೂ ಕೈಯಲ್ಲಿ ಈಸಿಕೊಂಡು ಅವರ ಎದುರಿಗೇ ಒಂದು ಕುಲ್‌ಕುಲ್ ಬಾಯಿಗೆ ಹಾಕಿಕೊಂಡೆ. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಇಷ್ಟೇನಾ ಆಂಟಿ? ಇನ್ನೂ ಇದೆಯಾ?” ಎಂದೆ.

“ಇದೆ ಮಾ, ಬೇಕಾದಷ್ಟಿದೆ,” ಎಂದು ಆಂಟಿ ತರಲು ಮತ್ತೆ ಮೆಟ್ಟಿಲಿಳಿದು ಹೋದರು.